ಓದದೇ ಬಿಟ್ಟ ವಿಷಯಕ್ಕೆ ಮರುಪರೀಕ್ಷೆ ಇಲ್ಲ

ಮೊನ್ನೆ ಭಾನುವಾರ ನಮ್ಮಣ್ಣನ ಮಗಳು ಸಕಲೇಶಪುರದಿಂದ ಹಾಸನಕ್ಕೆ ಬಂದಿದ್ದಳು. ಸೆಕೆಂಡ್ ಪಿಯುಸಿ ಮುಗಿದಿದೆ, ಒಳ್ಳೇ ಮಾರ್ಕ್ಸೂ ಬಂದಿದೆ. ಊಟ ಆದ ಮೇಲೆ ಪಕ್ಕದಲ್ಲಿ ಬಂದು ಕೂತು, "ಅತ್ತೆ, ನಾನೂ ನಿಮ್ ಥರ ನರ್ಸಿಂಗೇ ಮಾಡ್ತೀನಿ. ಬಿಎಸ್ಸಿ ನರ್ಸಿಂಗು. ಇಲ್ಲಾಂದ್ರೆ ಒಂದು ವರ್ಷ ಓದಿ ನೀಟ್ ಬರೀತೀನಿ" ಅಂದಳು. ಖುಷಿಯಿಂದ ಯಾವ ಕಾಂಬಿನೇಷನ್ ಅಂತ ಕೇಳಿದೆ. ಪಿಸಿಎಂಸಿ ಅಂದಳು.

ಪಿಸಿಎಂಸಿ. ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು, ಕಂಪ್ಯೂಟರ್ ಸೈನ್ಸು. ಬಯಾಲಜಿ ಇಲ್ಲ. ಅದು ಇರೋದು ಪಿಸಿಎಂಬಿಯಲ್ಲಿ.

ಎರಡು ವರ್ಷದ ಹಿಂದೆ ಅಡ್ಮಿಷನ್ ದಿನ ಆಫೀಸಿನಲ್ಲಿ "ಪಿಸಿಎಂಬಿ ಭರ್ತಿ ಆಗಿದೆ, ಕಂಪ್ಯೂಟರ್ ತಗೊಳಮ್ಮ, ಕೆಲಸ ಬೇಗ ಸಿಗುತ್ತೆ" ಅಂದರಂತೆ. ಅಣ್ಣ ತೋಟದ ಕೆಲಸ ಬಿಟ್ಟು ಹೋಗಿದ್ದವನು, ತೋರಿಸಿದ ಕಡೆ ಸಹಿ ಹಾಕಿ ಬಂದ. ಅವತ್ತು ಸಂಜೆ ನಾನೇ ಫೋನ್ ಮಾಡಿದ್ದೆ. ಫೀಸು ಎಷ್ಟಾಯ್ತು, ಬಸ್ ಪಾಸ್ ಆಯ್ತಾ, ಕಾಲೇಜು ದೂರವಾ ಅಂತೆಲ್ಲ ಕೇಳಿದೆ. ವಿಷಯ ಯಾವುದು ಅಂತ ಕೇಳಲಿಲ್ಲ. ಇದೇ ಪೆಟ್ಟು ತಿಂದು ಮೇಲೆ ಬಂದವಳು ನಾನು, ನಾನೇ ಕೇಳಲಿಲ್ಲ. ನಾಲ್ಕು ದಿನದಿಂದ ಇದೊಂದೇ ತಲೆಯಲ್ಲಿ ಕೊರೆಯುತ್ತಿದೆ.

ನಾನು ಓದುವಾಗ ನಮ್ಮೂರಿಗೆ ಹತ್ತಿರದ ಕಾಲೇಜಿನಲ್ಲಿ ಆರ್ಟ್ಸ್ ಮಾತ್ರ ಇತ್ತು. ಹೆಣ್ಣುಮಗು, ಹಾಸನಕ್ಕೆ ಓಡಾಡೋದು ಬೇಡ ಅಂದರು. ಹಿಸ್ಟರಿ, ಎಕನಾಮಿಕ್ಸ್ ಓದಿ ಪಾಸಾದೆ, ಆಮೇಲೆ ನರ್ಸಿಂಗ್ ಅಂತ ಹೊರಟೆ. ಬಿಎಸ್ಸಿ ನರ್ಸಿಂಗಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು ಅಂತ ನನಗೆ ಗೊತ್ತಾಗಿದ್ದು ಅರ್ಜಿ ವಾಪಸ್ ಕೊಟ್ಟಾಗ. ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾಗೆ ಆರ್ಟ್ಸಿನವರನ್ನೂ ತಗೊಳ್ತಾರೆ ಅಂತ ಹೇಳಿದ್ದು ಅದೇ ಕಾಲೇಜಿನ ಆಯಾ. ಆ ತಾಯಿ ಅವತ್ತು ಬಾಯಿ ಬಿಡದಿದ್ದರೆ ನಾನು ಇವತ್ತು ಈ ಕೆಲಸದಲ್ಲಿ ಇರುತ್ತಿರಲಿಲ್ಲ.

ಸೇರಿದ ಮೊದಲ ತಿಂಗಳು ಅನಾಟಮಿ ಕ್ಲಾಸಿನಲ್ಲಿ ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಕನ್ನಡ ಮೀಡಿಯಂ, ಮೇಲೆ ಹೈಸ್ಕೂಲಿನ ನಂತರ ವಿಜ್ಞಾನವೇ ಮುಟ್ಟಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಗಡೆ ಕನ್ನಡ ಅಕ್ಷರದಲ್ಲೇ ಫೀಮರ್, ಟಿಬಿಯಾ, ಫಿಬುಲಾ ಅಂತ ಬರೆದು, ಬಲಗಡೆ ತೊಡೆಮೂಳೆ, ಮೊಣಕಾಲು ಕೆಳಗಿನದು, ಅದರ ಪಕ್ಕದ ಸಣ್ಣದು ಅಂತ ಬರೆದುಕೊಂಡು, ಹಾಸ್ಟೆಲಿನಲ್ಲಿ ದೀಪ ಆರಿಸಿದ ಮೇಲೆ ನನ್ನದೇ ಕಾಲು ಮುಟ್ಟಿ ಮುಟ್ಟಿ ಬಾಯಿಪಾಠ ಮಾಡಿದೆ. ಡಿಪ್ಲೊಮಾ ಮುಗಿಸಿ, ಕೆಲಸಕ್ಕೆ ಸೇರಿ, ಮದುವೆ ಆಗಿ, ಮಗು ಎರಡನೇ ಕ್ಲಾಸಿಗೆ ಬಂದ ಮೇಲೆ ಡಿಪ್ಲೊಮಾ ನರ್ಸುಗಳಿಗೆ ಅಂತಲೇ ಇರುವ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದೆ. ಪಿಯುಸಿಯಲ್ಲಿ ಬಯಾಲಜಿ ಇದ್ದಿದ್ದರೆ ನಾಲ್ಕು ವರ್ಷದಲ್ಲಿ ಆಗುತ್ತಿದ್ದ ಡಿಗ್ರಿ ಅದು.

ನಮ್ಮ ವ್ಯವಸ್ಥೆಯಲ್ಲಿ ನನಗೆ ಅನ್ಯಾಯ ಅನ್ನಿಸೋದು ಇದು. ಪಿಯುಸಿಯಲ್ಲಿ ಒಂದು ವಿಷಯ ಫೇಲಾದ ಮಗುವಿಗೆ 2024ರಲ್ಲಿ ಪರೀಕ್ಷೆ 1, 2, 3 ಅಂತ ಒಂದೇ ವರ್ಷದಲ್ಲಿ ಮೂರು ಅವಕಾಶ ಕೊಟ್ಟರು. ತುಂಬಾ ಒಳ್ಳೇದು, ಎಷ್ಟೋ ಮಕ್ಕಳ ವರ್ಷ ಉಳಿದಿದೆ. ಆದರೆ ಹದಿನಾರನೇ ವಯಸ್ಸಿನಲ್ಲಿ ಗೊತ್ತಿಲ್ಲದೆ ಬಿಟ್ಟ ವಿಷಯಕ್ಕೆ ಅಂಥ ಪರೀಕ್ಷೆ ಇಲ್ಲ. ಫೇಲಾದದ್ದನ್ನು ಕಟ್ಟಬಹುದು. ಓದೇ ಇಲ್ಲದ್ದನ್ನು ಎಲ್ಲಿಂದ ಕಟ್ಟೋದು?

ಪಿಸಿಎಂಬಿ ಓದಿದ ಮಗು ಎಂಜಿನಿಯರಿಂಗಿಗೂ ಹೋಗಬಹುದು, ಮೆಡಿಕಲ್ಲಿಗೂ ಹೋಗಬಹುದು. ಎಂಜಿನಿಯರಿಂಗಿಗೆ ಫಿಸಿಕ್ಸ್, ಮ್ಯಾಥ್ಸ್ ಕಡ್ಡಾಯ. ಮೂರನೆಯದು ಕೆಮಿಸ್ಟ್ರಿ, ಬಯಾಲಜಿ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಯಾವುದಾದರೂ ನಡೆಯುತ್ತೆ, ಮೂರೂ ಸೇರಿ ಶೇ 45 ಇರಬೇಕು, ಮೀಸಲಾತಿಯವರಿಗೆ ಶೇ 40. ಅಂದರೆ ಕಂಪ್ಯೂಟರ್ ಎಂಜಿನಿಯರ್ ಆಗಲು ಪಿಯುಸಿಯಲ್ಲಿ ಕಂಪ್ಯೂಟರ್ ಓದಿರಲೇಬೇಕು ಅಂತಿಲ್ಲ! ಆದರೆ ಪಿಸಿಎಂಸಿ ತಗೊಂಡವರಿಗೆ ಮೆಡಿಕಲ್, ಬಿಎಸ್ಸಿ ನರ್ಸಿಂಗ್, ನಮ್ಮ ಹಾಸನದಲ್ಲೇ ಇರುವ ವೆಟರಿನರಿ ಕಾಲೇಜು, ಕೃಷಿ ಕಾಲೇಜು ಎಲ್ಲದರ ದಾರಿಗೂ ಅಡ್ಡ ಬೀಳುತ್ತೆ. ಬಿ ಫಾರ್ಮ ಒಂದು ಉಳಿಯುತ್ತೆ, ಅದಕ್ಕೆ ಬಯಾಲಜಿ ಬದಲು ಮ್ಯಾಥ್ಸ್ ಇದ್ದರೂ ಸಾಕು. ಕಾಫಿ, ಶುಂಠಿ, ಆಲೂಗಡ್ಡೆ ಬೆಳೆಯೋ ಮನೆ ಮಗು ಅಗ್ರಿ ಬಿಎಸ್ಸಿ ಆಸೆ ಇಟ್ಟುಕೊಂಡು ಬಯಾಲಜಿ ಬಿಟ್ಟು ಕೂತಿದ್ದರೆ ಅದಕ್ಕೆ ಮಗುವನ್ನು ಬೈಯೋಕಾಗುತ್ತಾ?

ನಮ್ಮ ಹುಡುಗಿಗೆ ಒಂದು ದಾರಿ ಇದೆ, ಅದನ್ನು ಹೇಳೋಕೇ ಇಷ್ಟೆಲ್ಲ ಬರೀತಿದ್ದೀನಿ. ಪಿಯುಸಿ ಪಾಸಾದವರು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಬಯಾಲಜಿ ಒಂದನ್ನೇ ತಗೊಂಡು ಬರೆಯಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್-ಮೇನಲ್ಲಿ ಒಂದು, ಅಕ್ಟೋಬರ್-ನವೆಂಬರಿನಲ್ಲಿ ಒಂದು. ಪ್ರಾಕ್ಟಿಕಲ್ಲೂ ಇದೆ. ಮೊದಲೆಲ್ಲ ಎರಡು ವರ್ಷ ರೆಗ್ಯುಲರ್ ಆಗಿ ಓದಿರಬೇಕು ಅಂತ ಮೆಡಿಕಲ್ಲಿನವರು ಇದನ್ನು ಒಪ್ಪುತ್ತಿರಲಿಲ್ಲ. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಪಿಯುಸಿ ಆದ ಮೇಲೆ ಹೆಚ್ಚುವರಿ ವಿಷಯವಾಗಿ ಬಯಾಲಜಿ ಪಾಸಾದವರೂ ನೀಟ್ ಬರೆಯಬಹುದು ಅಂತ ಹೇಳಿತು. ಆದರೆ ಒಂದು ಮಾತು. ಇದು ನೀಟ್‌ಗೆ ಹೇಳಿದ್ದು. ನರ್ಸಿಂಗಿಗೆ, ವೆಟರಿನರಿಗೆ, ಕೃಷಿಗೆ ಬೇರೆ ಬೇರೆ ಮಂಡಳಿ, ಬೇರೆ ಬೇರೆ ನಿಯಮ. ಫೀಸ್ ಕಟ್ಟುವ ಮೊದಲು ಆ ಕೋರ್ಸಿನ ಆ ವರ್ಷದ ಬ್ರೋಷರ್ ಓದಿ, ಅನುಮಾನ ಇದ್ದರೆ ಬರವಣಿಗೆಯಲ್ಲೇ ಕೇಳಿ ಉತ್ತರ ತಗೊಳ್ಳಿ.

ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿ ನೇರ ಎರಡನೇ ವರ್ಷದ ಬಿಇಗೆ ಬರುವ ಹುಡುಗರಿಗೆ ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಹೆಚ್ಚುವರಿ ಗಣಿತದ ಪೇಪರ್ ಇಟ್ಟುಕೊಂಡು ಬಂದಿದೆ. ಅದರ ಮಾರ್ಕ್ಸು ಲೆಕ್ಕಕ್ಕೆ ಸೇರಲ್ಲ, ಆದರೆ ಪಾಸಾಗದೆ ಡಿಗ್ರಿ ಇಲ್ಲ. ಸೀಟು ಕೊಟ್ಟು, ಕೊರತೆ ಇರೋದನ್ನು ಒಳಗೆ ಕೂರಿಸಿಕೊಂಡು ಕಲಿಸೋ ಈ ಪದ್ಧತಿ ನನಗೆ ಬಹಳ ಇಷ್ಟ. ನನ್ನನ್ನೂ ಹಾಗೆ ಒಳಗೆ ಕರೆದು ಆರು ತಿಂಗಳು ಬಯಾಲಜಿ ಹೇಳಿಕೊಟ್ಟಿದ್ದರೆ ಕಲಿಯುತ್ತಿದ್ದೆ, ಕಲಿತೂ ತೋರಿಸಿದ್ದೀನಿ. ಬೇರೆ ಕೋರ್ಸಿನವರು ಯಾಕೆ ಹಾಗೆ ಮಾಡಬಾರದು?

ಅದಾಗೋವರೆಗೆ ಕಾಯೋಕಾಗಲ್ಲ. ಪಿಯು ಕಾಲೇಜಿನ ಅರ್ಜಿಯಲ್ಲೇ, ಕಾಂಬಿನೇಷನ್ ಬರೆಯುವ ಜಾಗದ ಕೆಳಗೆ, ಇದನ್ನು ತಗೊಂಡರೆ ಯಾವ ಕೋರ್ಸಿಗೆ ಹೋಗಬಹುದು, ಯಾವುದಕ್ಕೆ ಹೋಗಲಾಗದು ಅಂತ ಕನ್ನಡದಲ್ಲಿ ಅಚ್ಚು ಹಾಕಿಸಿ. ಅಪ್ಪ-ಅಮ್ಮ ಅದನ್ನು ಓದಿ, ಓದೋಕೆ ಬಾರದಿದ್ದರೆ ಓದಿಸಿಕೊಂಡು, ಆಮೇಲೆ ಸಹಿ ಹಾಕಲಿ. ಒಂದು ಹಾಳೆಯ ಖರ್ಚು ಅಷ್ಟೆ.

ನಿನ್ನೆ ನೈಟ್ ಡ್ಯೂಟಿ ಮುಗಿಸಿ ಬರುವಾಗ, ನನ್ನ ಕೈಯಲ್ಲೇ ಬರೆದ ಅಂಥದ್ದೊಂದು ಹಾಳೆಯನ್ನು ನಮ್ಮ ಬೀದಿಯ ಹೈಸ್ಕೂಲಿಗೆ ಕೊಟ್ಟು ಬಂದೆ. ಹೆಡ್ ಮಾಸ್ಟ್ರು ಪೂರ್ತಿ ಓದಿ, "ಸಿಸ್ಟರ್, ಇನ್ನೂ ಎರಡು ಕಾಪಿ ಕೊಡಿ" ಅಂದರು. ಟಿಸಿ ತಗೊಳ್ಳೋಕೆ ಮಕ್ಕಳು ಸಾಲು ನಿಲ್ಲುವ ಕಿಟಕಿ ಪಕ್ಕ ಒಂದನ್ನು ಅಂಟಿಸಿದ್ದಾರೆ. ಯಾರಿಗೆ ಬೇಕಾದರೂ ಫೋಟೊ ಕಳಿಸ್ತೀನಿ, ಕೇಳಿ.