ಪೆಟ್ಟಿಗೆ ಮಾಡಿದವನು

ದಸರಾ ವಸ್ತುಪ್ರದರ್ಶನದ ಜಾದೂ ಡೇರೆಯಲ್ಲಿ ಹುಡುಗಿಯೊಬ್ಬಳನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಗರಗಸದಿಂದ ಕೊಯ್ಯುತ್ತಿದ್ದಾಗ, ನಾವು ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಗರಗಸವನ್ನೇ ನೋಡುತ್ತಿದ್ದೆವು. ಪಕ್ಕದಲ್ಲಿದ್ದ ನನ್ನ ಸೋದರಮಾವ ಮಾತ್ರ ಒಂದು ಕಣ್ಣು ಮುಚ್ಚಿಕೊಂಡು ಪೆಟ್ಟಿಗೆಯ ಕೆಳಗಿನ ಮೇಜಿನ ದಪ್ಪವನ್ನು ಅಳೆಯುತ್ತಿದ್ದರು. ಮಂಡಿ ಮೊಹಲ್ಲಾದಲ್ಲಿ ಬೀಟೆ ಹಲಗೆಗೆ ಬಣ್ಣಬಣ್ಣದ ಮರದ ಚೂರುಗಳನ್ನು ಕೂರಿಸುವ ಇನ್‌ಲೇ ಕೆಲಸ ಅವರದು. ಸಂದು ಕಾಣಿಸಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ಜಾದೂವನ್ನು ಹೊಸದಾಗಿ ಹುಟ್ಟಿಸುವವನ ಕಸುಬೂ ಇದೇ ಜಾತಿಯದೆಂದು ನನಗೆ ಹೊಳೆದದ್ದು ಬಹಳ ವರ್ಷಗಳ ನಂತರ. ಫ್ರಾನ್ಸಿನ ರಾಬರ್ಟ್ ಹೂಡಿನ್ ಮೂಲತಃ ಗಡಿಯಾರ ಮಾಡುವವನು. ನೋಡನೋಡುತ್ತಿದ್ದಂತೆ ಹೂ ಬಿಟ್ಟು ಹಣ್ಣು ಕೊಡುವ ಕಿತ್ತಳೆ ಗಿಡವನ್ನೂ, ಮಗುವೂ ಎತ್ತಬಹುದಾದ, ಆದರೆ ಅವನು ಬೇಡವೆಂದಾಗ ಪೈಲ್ವಾನನಿಗೂ ಜಗ್ಗದ ಪೆಟ್ಟಿಗೆಯನ್ನೂ ರಂಗಕ್ಕೆ ತಂದವನು ಅವನೇ. ವಿದ್ಯುತ್ತಿನಿಂದ ಅಯಸ್ಕಾಂತ ಮಾಡಬಹುದೆಂಬುದು ಸಾಮಾನ್ಯ ಜನಕ್ಕೆ ಇನ್ನೂ ತಿಳಿಯದಿದ್ದ ಕಾಲವದು; 1856ರಲ್ಲಿ ಫ್ರೆಂಚ್ ಸರ್ಕಾರ ಅವನನ್ನು ಅಲ್ಜೀರಿಯಕ್ಕೆ ಕಳುಹಿಸಿದಾಗ ಆ ಪೆಟ್ಟಿಗೆಯೂ ಜೊತೆಯಲ್ಲಿತ್ತು. ಜನರನ್ನು ಬೆರಗುಗೊಳಿಸಿ ಆಳುವ ಆ ಉಪಾಯ ನನಗಂತೂ ಹಿಡಿಸುವುದಿಲ್ಲ, ಪೆಟ್ಟಿಗೆ ಹಿಡಿಸುತ್ತದೆ.

ಕೊಯ್ಯುವ ಆಟವನ್ನು 1921ರ ಜನವರಿಯಲ್ಲಿ ಲಂಡನ್ನಿನಲ್ಲಿ ಸಾರ್ವಜನಿಕರೆದುರು ಆಡಿ ತೋರಿಸಿದವನು ಸೆಲ್ಬಿಟ್. ಟಿಬಲ್ಸ್ ಎಂಬ ಮನೆತನದ ಹೆಸರನ್ನೇ ಹಿಂದುಮುಂದಾಗಿ ಬರೆದು ರಂಗದ ಹೆಸರು ಮಾಡಿಕೊಂಡಿದ್ದ ಈತ, ಎರಡು ಆಟಗಳ ನಡುವೆ ಕೆಂಪು ನೀರನ್ನು ಬಕೆಟ್ಟಿನಲ್ಲಿ ತಂದು ಬೀದಿಯ ಚರಂಡಿಗೆ ಸುರಿಸುತ್ತಿದ್ದನಂತೆ. ಗರಗಸಕ್ಕಿಂತ ಆ ಬಕೆಟ್ಟೇ ದೊಡ್ಡ ಸೃಷ್ಟಿಯೆಂದು ನನ್ನ ಅಭಿಪ್ರಾಯ.

ಆದರೆ ಈ ಕಸುಬಿನವರ ಸಂಕಟ ಅರಿಯಬೇಕಾದರೆ ಹೊರೇಸ್ ಗೋಲ್ಡಿನ್ನನನ್ನು ನೋಡಬೇಕು. ಅದೇ ಆಟವನ್ನು ತನ್ನ ರೀತಿಯಲ್ಲಿ ತಿದ್ದಿ ಅಮೆರಿಕದಲ್ಲಿ ಆಡಿದ ಆತ, ಕದಿಯುವವರ ಕಾಟ ತಾಳಲಾರದೆ 1923ರಲ್ಲಿ ಪೇಟೆಂಟ್ ಪಡೆದ. ಪೇಟೆಂಟ್ ಕೇಳಿದವನು ಯಂತ್ರದ ಒಳಗುಟ್ಟನ್ನು ಚಿತ್ರಸಮೇತ ಬರೆದುಕೊಡಲೇಬೇಕು. ಬರೆದುಕೊಟ್ಟದ್ದನ್ನು ಯಾರು ಬೇಕಾದರೂ ಓದಬಹುದು. ಮುಂದೆ ಸಿಗರೇಟು ಕಂಪನಿಯೊಂದು ತನ್ನ ಜಾಹೀರಾತಿನಲ್ಲಿ ಆ ಗುಟ್ಟನ್ನು ಬಯಲು ಮಾಡಿದಾಗ ಮೊಕದ್ದಮೆ ಹೂಡಿದ ಗೋಲ್ಡಿನ್ ಸೋತ. ಬೀಗ ಭದ್ರವಾಗಿರಲೆಂದು ಬೀಗದ ಕೈಯನ್ನು ಚಾವಡಿಯಲ್ಲಿ ತೂಗುಹಾಕಿದಂತಾಗಿತ್ತು ಅವನ ಪಾಡು.

ಅಂದು ಡೇರೆಯಿಂದ ಹೊರಬಂದು, ತಟ್ಟೆಯಗಲದ ದೆಹಲಿ ಹಪ್ಪಳದ ಅಂಗಡಿಯ ಮುಂದೆ ನಿಂತಾಗ, ಗುಟ್ಟು ಹೇಳೆಂದು ನಾನು ಮಾವನನ್ನು ಪೀಡಿಸಿದೆ.

“ಮೇಜಿನ ಅಂಚು ಇಳಿಜಾರಾಗಿ ತೆಗೆದವ್ನೆ, ದಪ್ಪ ಕಾಣಬಾರದು ಅಂತ. ಒಳ್ಳೇ ಕೆಲಸ,” ಎಂದಷ್ಟೇ ಹೇಳಿದರು.

“ಮತ್ತೆ ಆ ಹುಡುಗಿ ಎಲ್ಲಿರ್ತಾಳೆ ಮಾವ?”

“ಅದನ್ನ ನಾನು ಹೇಳಿದ್ರೆ ಆ ಪೆಟ್ಟಿಗೆ ಮಾಡ್ದೋನ ಹೊಟ್ಟೆ ಮೇಲೆ ಹೊಡೆದಂಗೆ ಆಗ್ತದೆ ಕಣೋ,” ಎಂದು ಹಪ್ಪಳವನ್ನು ಮುರಿದು ದೊಡ್ಡ ಚೂರನ್ನು ನನ್ನ ಕೈಗಿಟ್ಟರು.