ಸತ್ಯಾಂಶ: ನಲ್ಲಿ ನೀರಿನ ಕ್ಲೋರಿನ್ ವಾಸನೆ ಮತ್ತು ಕ್ಯಾನ್ಸರ್

‘ನಲ್ಲಿ ನೀರಲ್ಲಿ ಕ್ಲೋರಿನ್ ವಾಸನೆ ಬಂದರೆ ಕ್ಯಾನ್ಸರ್ ಗ್ಯಾರಂಟಿ, ಬೋರ್‌ವೆಲ್ ನೀರನ್ನೇ ಕುಡಿಯಿರಿ’ ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಇದರಲ್ಲಿ ಒಂದು ಎಳೆ ನಿಜ, ಉಳಿದದ್ದು ಸುಮ್ನೆ ಹೆದರಿಕೆ.

ನಿಜ ಇಷ್ಟು. ನದಿ ನೀರಿನಲ್ಲಿ ಕೊಳೆತ ಎಲೆ, ಪಾಚಿಯ ಅಂಶ ಇರುತ್ತದೆ. ಅದಕ್ಕೆ ಕ್ಲೋರಿನ್ ಸೇರಿದಾಗ ಟ್ರೈಹ್ಯಾಲೋಮೀಥೇನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಕ್ಲೋರೋಫಾರ್ಮ್ ಅದರಲ್ಲೊಂದು. 1974ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿ ಯೋಹಾನೆಸ್ ರೂಕ್ ಇದನ್ನು ತೋರಿಸಿಕೊಟ್ಟರು. ಇವು ಜಾಸ್ತಿ ಇರುವ ನೀರನ್ನು ದಶಕಗಟ್ಟಲೆ ಬಳಸಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ತುಸು ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳಿವೆ. ‘ಗ್ಯಾರಂಟಿ’ ಅಂತ ಯಾವುದೂ ಹೇಳಿಲ್ಲ. ಅದಕ್ಕೇ ಮಿತಿ ಇಟ್ಟಿದ್ದಾರೆ: ಭಾರತೀಯ ಮಾನಕದ ಪ್ರಕಾರ ಲೀಟರ್ ನೀರಿಗೆ ಕ್ಲೋರೋಫಾರ್ಮ್ 0.2 ಮಿಲಿಗ್ರಾಂ ದಾಟಬಾರದು.

ಇನ್ನು ವಾಸನೆ. ಕೊಡಕ್ಕೆ ಮೂಗಿಟ್ಟಾಗ ಬರುವ ಆ ಘಾಟು ಮುಖ್ಯವಾಗಿ ಕ್ಲೋರಿನ್‌ದು, ಟ್ರೈಹ್ಯಾಲೋಮೀಥೇನ್‌ದಲ್ಲ. ನೀರು ಶುದ್ಧೀಕರಿಸುವ ಘಟಕವಿರುವ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ಪೈಪಿನಲ್ಲಿ ಬರಬೇಕು. ದಾರಿಯಲ್ಲಿ ಚರಂಡಿ ನೀರು ಸೇರಿದರೆ? ಅದಕ್ಕೇ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದಿಲ್ಲದಿದ್ದರೆ ಕಾಲರಾ, ಟೈಫಾಯಿಡ್‌ಗೆ ದಶಕ ಬೇಕಿಲ್ಲ, ಒಂದು ವಾರ ಸಾಕು.

ಬೋರ್‌ವೆಲ್ ಸಲಹೆಯಂತೂ ನನಗೆ ತಮಾಷೆ ಅನ್ನಿಸಿತು. ಕೋಲಾರದ ಕಡೆಯವರನ್ನು ಕೇಳಿ, ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ಹಲ್ಲಿಗೆ ಏನು ಮಾಡುತ್ತದೆ ಅಂತ ಹೇಳುತ್ತಾರೆ.

ವಾಸನೆ ಹಿಡಿಸದಿದ್ದರೆ ಪಾತ್ರೆಯ ಮುಚ್ಚಳ ತೆಗೆದು ಕುದಿಸಿ. ಕ್ಲೋರಿನ್ ಜೊತೆ ಕ್ಲೋರೋಫಾರ್ಮ್ ಕೂಡ ಬಹುಪಾಲು ಆವಿಯಾಗುತ್ತದೆ, ಅಡುಗೆಮನೆ ಕಿಟಕಿ ತೆರೆದಿರಲಿ. ಆಮೇಲೆ ಆ ನೀರಿಗೆ ಕ್ಲೋರಿನ್ ಕಾವಲು ಇರಲ್ಲ, ಅಲ್ವಾ? ಮುಚ್ಚಿಡಿ, ಕೈ ಅದ್ದಬೇಡಿ.