ವಿಎಆರ್ (ವಿಡಿಯೋ ನೋಡಿ ರೆಫರಿ ತೀರ್ಪು ಪರೀಕ್ಷಿಸೋ ವ್ಯವಸ್ಥೆ) ತನ್ನಿ ಮೊದಲು
ಐಎಸ್‌ಎಲ್ ಫುಟ್‌ಬಾಲ್ ಲೀಗ್‌ನೋರು ಬೆಂಗಳೂರು ಎಫ್‌ಸಿಗೇ ಫೇವರ್ ಮಾಡ್ತಾರೆ ಅಂತ ಬರ್ದಿದೀರಲ್ಲ, 2023ರ ಮಾರ್ಚ್ 3ಕ್ಕೆ ನಾನು ಕಂಠೀರವದಲ್ಲೇ ಇದ್ದೆ. 96ನೇ ನಿಮಿಷ, ಕೇರಳ ಬ್ಲಾಸ್ಟರ್ಸ್‌ನೋರು ನಮ್ಮ ಫ್ರೀಕಿಕ್‌ಗೆ ಅಡ್ಡ ಇನ್ನೂ ಆಟಗಾರರ ವಾಲ್ ನಿಲ್ಲಿಸ್ತಾ ಇದ್ರು, ನಮ್ಮ ಛೆಟ್ರಿ ಹೊಡ್ದೇಬಿಟ್ಟ, ಪಕ್ಕದಲ್ಲಿದ್ದ ಅಂಕಲ್ ಗೋಲಾ ಗೋಲಾ ಅಂತ ನನ್ನ ತೋಳು ಅಲ್ಲಾಡಿಸ್ತಿದ್ರು, ಆಮೇಲೆ ಗೋಲ್ ಕೊಟ್ಟಿದ್ದಕ್ಕೆ ಕೇರಳ ಟೀಮೇ ಮೈದಾನ ಬಿಟ್ಟು ಹೋಯ್ತು. ವಿಸಲ್‌ಗೆ ಕಾಯಿರಿ ಅಂತ ರೆಫರಿ ಹೇಳಿಲ್ಲ ಅಂದ್ರೆ ಕ್ವಿಕ್ ಫ್ರೀಕಿಕ್ ರೂಲ್ ಪ್ರಕಾರ ಸರಿನೇ.

ಫೇವರ್ ಇದ್ದಿದ್ರೆ ಎರಡೇ ವಾರಕ್ಕೆ ಗೋವಾದಲ್ಲಿ ಎಟಿಕೆ ಮೋಹನ್ ಬಗಾನ್ ವಿರುದ್ಧದ ಫೈನಲ್ಲಲ್ಲಿ 85ನೇ ನಿಮಿಷಕ್ಕೆ ನಮ್ಮ ಮೇಲೆ ಆ ಪೆನಾಲ್ಟಿ ಯಾಕ್ ಕೊಡ್ತಿದ್ರು? ಫೌಲ್ ಬಾಕ್ಸಿಂದ ಹೊರಗೆ ಅಂತ ನಾನು ಇವತ್ತಿಗೂ ಹೇಳ್ತೀನಿ, 2-2 ಆಗಿ ಶೂಟೌಟಲ್ಲಿ ಹೋಯ್ತು ಕಪ್ಪು. ವಿಎಆರ್ ಇದ್ದಿದ್ರೆ ಎರಡು ಕಡೆಯವ್ರಿಗೂ ಅನುಮಾನ ಉಳೀತಿರ್ಲಿಲ್ಲ ಕಣ್ರೀ.